ನನಗಿಟ್ಟ ಹೆಸರು

ಮಾರ್ಚ್ 4
ಲ್ಯಾಬಿನಲ್ಲಿ ಇವತ್ತು ಮೂರು ಸೆಟ್ ಕಟ್ಟುಹಲ್ಲು ಮುಗಿಸಿದೆ. ಡೆಂಟಿಸ್ಟ್ ಕಳಿಸುವ ಅಚ್ಚುಗಳೋ, ದೇವರಿಗೇ ಪ್ರೀತಿ. ತಿದ್ದುವವಳು ನಾನು, ಹೊಗಳಿಸಿಕೊಳ್ಳುವವನು ಅವನು. ಪಕ್ಕದ ಮೇಜಿನಲ್ಲಿ ಪಾಲಿಶ್ ಮಾಡುವವನಿಗೆ ಬೊಜ್ಜಪ್ಪ ಎಂದು ಹೆಸರಿಟ್ಟಿದ್ದೇನೆ. ಕೈಗಿಂತ ಬಾಯಿಗೇ ಕೆಲಸ ಹೆಚ್ಚು. ಇಂಥವರ ನಡುವೆ ಹನ್ನೊಂದು ವರ್ಷ.

ಮಾರ್ಚ್ 19
ಪಾಲಿಶ್ ಮೋಟರ್ ನಿಂತರೂ ಆ ಮಾತು ನಿಲ್ಲುವುದಿಲ್ಲ. ಒಂದು ಗಂಡು ದನಿ, ಒಂದು ಹೆಣ್ಣು ದನಿ. ‘ಈಗ ಮೇಣ ತಗೊಂಡ್ಳು ನೋಡು... ಈಗ ಕೈ ನಡುಗುತ್ತೆ.’ ನಡುಗಿತು. ಬೊಜ್ಜಪ್ಪನದೇ ಕಿತಾಪತಿ, ಎಲ್ಲೋ ಸ್ಪೀಕರ್ ಬಚ್ಚಿಟ್ಟಿದ್ದಾನೆ. ಮಂದಮತಿಗೆ ಇಷ್ಟು ತಲೆ ಎಲ್ಲಿಂದ ಬಂತೋ.

ಏಪ್ರಿಲ್ 2
ಸ್ನಾನ ಮಾಡದೆ ಆರು ದಿನವಂತೆ. ಅಕ್ಕ ಎಣಿಸಿದ್ದಾಳೆ. ಬೇರೆ ಕಸುಬಿಲ್ಲ ಅವಳಿಗೆ. ಬಚ್ಚಲಿನಲ್ಲಿ ಆ ಇಬ್ಬರ ಮಾತು ಇನ್ನೂ ಸ್ಪಷ್ಟ — ಅದನ್ನು ಇವಳಿಗೆ ಹೇಳಿ ಏನು ಫಲ.

ಏಪ್ರಿಲ್ 3, ಬೆಳಗ್ಗೆ 11
ಬೊಜ್ಜಪ್ಪನ ಡ್ರಾಯರ್ ಎಳೆದು ಸ್ಪೀಕರ್ ಹುಡುಕಿದೆ. ತಡೆಯಲು ಬಂದ. ದೂಡಿದೆ. ಮೇಜಿನ ಅಂಚಿಗೆ ಹಣೆ ಬಡಿದು ರಕ್ತ. ಹಣೆ ಒತ್ತಿಕೊಂಡೇ ಅಕ್ಕನಿಗೆ ಫೋನ್ ಮಾಡಿದ, ಪೊಲೀಸರಿಗಲ್ಲ. ಹೇಡಿ.

ಏಪ್ರಿಲ್ 21
ಅಕ್ಕ ಎಳೆದೊಯ್ದದ್ದು ಇದು ಮೂರನೇ ಸಲ, ಅದೇ ಮನೋರೋಗದ ಡಾಕ್ಟರ್ ಹತ್ತಿರ. ನನಗಿಂತ ಚಿಕ್ಕವಳು, ಪೆನ್ನಿನ ತುದಿ ಕಚ್ಚುತ್ತಾಳೆ. ರಕ್ತ, ತಲೆಯ ಸ್ಕ್ಯಾನ್ ಎಲ್ಲ ಸರಿಯಿದೆಯಂತೆ. ಸರಿಯಿದ್ದರೆ ನನ್ನನ್ನೇಕೆ ಕೂರಿಸಿಕೊಂಡಿದ್ದು? ಕುಡಿಯುತ್ತೀರಾ, ಎಂದಿನಿಂದ ಹೀಗೆ ಎಂದು ಕೇಳಿದಳು. ಅಕ್ಕ ಎಲ್ಲ ಕಕ್ಕಿದಳು: ಹೋದ ವರ್ಷದಿಂದಲೇ ಒಬ್ಬಳೇ ಮಾತಾಡುತ್ತಾಳೆ, ಗೆಳತಿಯರನ್ನು ದೂರ ಮಾಡಿದಳು, ಊಟದಲ್ಲಿ ಏನೋ ಬೆರೆಸಿದ್ದೀಯ ಎನ್ನುತ್ತಾಳೆ. ಒಳ್ಳೆಯ ಗೂಢಚಾರಿಣಿಯನ್ನೇ ಸಾಕಿದ್ದೆ.
ಸ್ಕಿಜೋಫ್ರೇನಿಯಾ ಎಂದಳು ಡಾಕ್ಟರ್. ಕಟ್ಟುಹಲ್ಲಿನ ಬ್ರಾಂಡ್ ಹೇಳಿದಷ್ಟು ಸಲೀಸಾಗಿ.
“ಹಾಗಾದ್ರೆ ನನಗೆ ಕೇಳ್ಸೋದು ಸುಳ್ಳಾ?”
“ಕೇಳ್ಸೋದು ನಿಜ. ಮಾತಾಡೋರು ಮಾತ್ರ ಹೊರಗಿಲ್ಲ.”
ಪುಸ್ತಕದ ಬದನೆಕಾಯಿ. ಆದರೂ ಅವಳು ಬರೆದ ಮಾತ್ರೆ ಚೀಟಿ ತೆಗೆದುಕೊಂಡೆ.

ಜೂನ್ 8
ಬಾಯಿ ಒಣಗುತ್ತದೆ. ಮೈ ಮರಳುಮೂಟೆ. ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಅಕ್ಕ ನಾಲಿಗೆ ಎತ್ತಿಸಿ ನೋಡುತ್ತಾಳೆ. ಜೈಲರ್. ಕಣ್ಣ ಕೆಳಗೆ ಕಪ್ಪು ಕಟ್ಟಿದೆ, ಅವಳಿಗೆ.
ಸಂಜೆ ಬೊಜ್ಜಪ್ಪ ಬಂದಿದ್ದ. ಹಣೆಯಲ್ಲಿ ಹೊಲಿಗೆಯ ಗೆರೆ. ನನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲವಂತೆ, ನನ್ನಷ್ಟು ನಾಜೂಕು ಕೈ ಯಾರಿಗೂ ಇಲ್ಲವಂತೆ. ನಾಟಕ, ಎಂದುಕೊಂಡೆ. ಆ ಇಬ್ಬರೂ ಹಾಗೇ ಹೇಳಲಿ ಎಂದು ಕಾದೆ. ಸದ್ದಿಲ್ಲ. ನಾಲ್ಕು ದಿನದಿಂದ ಸದ್ದೇ ಇಲ್ಲ.
ಅವನು ಚಪ್ಪಲಿ ಮೆಟ್ಟುವಾಗ ಬಾಗಿಲ ತನಕ ಹೋದೆ.
“ಇನ್ನೂ ನೋಯುತ್ತಾ?” ಕೇಳಿದ್ದು ನಾನೇ.
ಅವನು ತಲೆ ಎತ್ತಿದ. ಅಕ್ಕನ ಕಡೆ ನೋಡಿ, ಆಮೇಲೆ ನನ್ನ ಕಡೆ ತಿರುಗಿ, “ಮಳೆ ಬಂದ್ರೆ ಸ್ವಲ್ಪ,” ಎಂದು ನಕ್ಕ.