ಫಕ್ಕೀರಪ್ಪನ ಲಾರಿಗೆ ನಾನು ಬಿಗಿದ ತಂತಿ

ಕಲಘಟಗಿ
ಕ್ರಿ.ಶ. ೨೧೬೮, ಎರಡನೆಯ ಮಳೆಗಾಲದ ನಲವತ್ತೊಂದನೆಯ ದಿನ

ತಾನೇ ನಿಂತು ತಾನೇ ಚಾಲೂ ಆಗುವ ಇಂಜಿನ್ನಿನ ಲಾರಿಗಳನ್ನು ಮೊದಮೊದಲು ರಸ್ತೆಗಿಳಿಸುತ್ತಿರುವ, ನನಗಿಂತ ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ ಚಂದ್ರವ್ವನ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗಲಿಕ್ಕಿಲ್ಲ. ಮಳೆ ವರ್ಷಕ್ಕೆರಡು ಸಲ ಬರತೊಡಗಿದ ಮೇಲೆ ನಾವು ದಿನಗಳನ್ನು ಹೀಗೆ ಎಣಿಸುತ್ತೇವೆ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಿದರೆ ಮನ್ನಿಸಬೇಕು.

ನಮ್ಮಲ್ಲಿ ಸಣ್ಣ ಗಾಡಿಗಳೆಲ್ಲ ಬ್ಯಾಟರಿಯವು. ಘಟ್ಟ ಹತ್ತುವ ದೊಡ್ಡ ಲಾರಿಗಳು ಮಾತ್ರ ಇನ್ನೂ ಹೊಂಗೆಣ್ಣೆಯ ಇಂಜಿನ್ನಿನಲ್ಲಿ ಓಡುತ್ತವೆ. ಅಂಕೋಲೆಯಿಂದ ಹುಬ್ಬಳ್ಳಿಗೆ ಸಿಹಿಗಡಲು, ಅಂದರೆ ಉಪ್ಪು ತೆಗೆದ ಸಮುದ್ರದ ನೀರು, ತರುವುದು ಇವೇ. ಅರಬೈಲ್ ಘಟ್ಟದ ಬುಡದಲ್ಲಿ ಲಾರಿಗಳ ಸಾಲು ಎರಡು ಮೈಲಿ ನಿಲ್ಲುತ್ತದೆ. ನಿಂತೊಡನೆ ಇಂಜಿನ್ ತಾನಾಗಿ ಆರುತ್ತದೆ. ಬ್ರೇಕ್ ಬಿಟ್ಟಾಗ, ಇಲ್ಲವೆ ಬ್ಯಾಟರಿ ಇಳಿದಾಗ, ತಾನಾಗಿ ಏಳುತ್ತದೆ. ಇದಕ್ಕೆ ನಾವು ತೂಕಡಿಕೆ ಎನ್ನುತ್ತೇವೆ. ತೂಕಡಿಕೆ ಬಂದ ಮೇಲೆ ಘಟ್ಟದ ಕೆಳಗಿನ ಊರುಗಳ ಮಕ್ಕಳ ಕೆಮ್ಮು ಕಡಿಮೆಯಾಯಿತು. ಅದನ್ನು ನಾನು ದೂರುವುದಿಲ್ಲ.

ನಾನು ಮೂವತ್ತು ವರ್ಷ ಇಲ್ಲಿನ ಲಾರಿ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ನನ್ನ ತಮ್ಮ ಫಕ್ಕೀರಪ್ಪ ಅದೇ ಶೆಡ್ಡಿನ ಚಾಲಕ. ಲಾರಿಯ ಕ್ಯಾಬಿನ್ ಮೇಲಕ್ಕೆತ್ತಿದಾಗ ಇಂಜಿನ್ ಏಳದಂತೆ ತಡೆಯಲು ಒಂದು ಸಣ್ಣ ಸ್ವಿಚ್ ಇರುತ್ತದೆ. ಅವನ ಲಾರಿಯಲ್ಲಿ ಅದು ಕೆಟ್ಟು, ಕ್ಯಾಬಿನ್ ಕೆಳಗಿದ್ದರೂ ಇಂಜಿನ್ ಏಳದೆ, ಅವನು ಸಾಲಿನಲ್ಲಿ ಹಿಂದಿನವರಿಂದ ಬೈಗುಳ ತಿನ್ನುತ್ತಿದ್ದ. ಹೊಸ ಸ್ವಿಚ್ ಬರುವುದಕ್ಕೆ ವಾರ ಬೇಕಿತ್ತು. ನಾನು ಅದನ್ನು ತಪ್ಪಿಸಿ ತಾಮ್ರದ ತಂತಿ ಬಿಗಿದೆ. ಇನ್ನು ಕ್ಯಾಬಿನ್ ಎತ್ತಿದ್ದರೂ ಇಂಜಿನ್ ಏಳಬಹುದಿತ್ತು. ಹೇಳಿದರೆ ಲಾರಿ ಒಯ್ಯಲಾರನೆಂದು ಅವನಿಗೆ ಹೇಳಲಿಲ್ಲ.

"ಸರಿ ಆತೇನಕ್ಕಾ?" ಎಂದು ಕೇಳಿದ.

"ಸರಿ ಮಾಡೀನಿ, ಹೋಗು" ಅಂದೆ.

ಮರುದಿನ ಮಧ್ಯಾಹ್ನ ಘಟ್ಟದ ಬುಡದಲ್ಲಿ ಲಾರಿ ತೂಕಡಿಸುತ್ತಿತ್ತು. ಬೆಲ್ಟ್ ಕಿರುಗುಟ್ಟುತ್ತಿದ್ದುದರಿಂದ ಅವನು ಕ್ಯಾಬಿನ್ ಎತ್ತಿ ಕೈ ಒಳಗಿಟ್ಟ. ಕ್ಯಾಬಿನ್ ಎತ್ತಿದರೆ ಇಂಜಿನ್ ಏಳುವುದಿಲ್ಲವೆಂದು ಅವನಿಗೆ ಕಲಿಸಿದವಳು ನಾನೇ. ಬ್ಯಾಟರಿ ಇಳಿದಿತ್ತು, ಇಂಜಿನ್ ಎದ್ದಿತು, ಬೆಲ್ಟ್ ಅವನನ್ನು ತೋಳು ಹಿಡಿದು ಒಳಗೆಳೆಯಿತು. ಆಸ್ಪತ್ರೆಯಲ್ಲಿ ಎರಡು ದಿನ ಬದುಕಿದ್ದ.

ಲಾರಿಯನ್ನು ಎಳೆದು ತಂದಾಗ, ತನಿಖೆಯವರು ಬರುವ ಮುಂಚೆ, ನಾನು ತಂತಿ ಬಿಚ್ಚಿದೆ. ಸ್ವಿಚ್ ಕೆಟ್ಟಿತ್ತು, ಆದರೂ ಚಾವಿ ತೆಗೆಯದೆ ಕೈಹಾಕಿದ್ದು ಚಾಲಕನದೇ ತಪ್ಪು ಎಂದು ಅವರು ಬರೆದರು. ಶೆಡ್ಡಿಗೆ ಬರುವ ಹೊಸ ಚಾಲಕರಿಗೆಲ್ಲ ಮೇಲಧಿಕಾರಿಗಳು ನನ್ನ ತಮ್ಮನ ಹೆಸರು ಹೇಳಿ ಎಚ್ಚರಿಸುತ್ತಿದ್ದರು. ನಾನು ಸ್ಪ್ಯಾನರ್ ಹಿಡಿದು ಕೇಳುತ್ತ ನಿಲ್ಲುತ್ತಿದ್ದೆ.

ಇಪ್ಪತ್ತಾರು ವರ್ಷಗಳ ಮೇಲೆ, ಹೋದ ಮಳೆಗಾಲದಲ್ಲಿ, ಅವನ ಹೆಂಡತಿ ರಾಚವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವಳು ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. ಕೈ ಸಿಕ್ಕಿಬಿದ್ದ ಮೇಲೆ ತಂತಿಯನ್ನು ಅವನು ನೋಡಿದ್ದನಂತೆ. ಅಕ್ಕನ ಕೆಲಸ ಹೋಗುತ್ತದೆ, ಯಾರಿಗೂ ಹೇಳಬೇಡ ಎಂದು ಸಾಯುವ ಮುಂಚೆ ಅವಳಿಂದ ಮಾತು ತೆಗೆದುಕೊಂಡಿದ್ದನಂತೆ.

"ನನಗ ಹೇಳೂದು ಬ್ಯಾಡ ಯಕ್ಕಾ. ನೀಲಗಂಗಾಗ ಹೇಳು. ಅಪ್ಪನ್ನ ಬೈಕೋಂತನ ಬೆಳದಾಳ ಆಕಿ."

ಅವರ ಮಗಳು ನೀಲಗಂಗಾಳಿಗೂ ಹೇಳಿದೆ. ಅವಳು ಪೂರ್ತಿ ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಇಂದಿಗೂ ನನ್ನ ಮನೆಗೆ ಬಂದಿಲ್ಲ. ಬರಲೆಂದು ಕೇಳುವ ಹಕ್ಕು ನನಗಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಆ ಸ್ವಿಚ್ಚನ್ನು ತಪ್ಪಿಸಿ ತಂತಿ ಕಟ್ಟಬೇಡಿ. ಕಟ್ಟಿದ್ದರೆ, ಲಾರಿ ಗೇಟು ದಾಟುವ ಮೊದಲು ಓಡಿಹೋಗಿ ಹೇಳಿಬಿಡಿ. ಅಂದು ನಾನೂ ಗೇಟಿನ ತನಕ ಹೋಗಿದ್ದೆ. ಅವನು ಕಿಟಕಿಯಿಂದ ಕೈ ಬೀಸಿದ. ನಾನೂ ಬೀಸಿದೆ.