ತಂತಿಯ ಮೇಲಿನ ಸೀರೆಯನ್ನು ನಂಬಿದ ಅಧಿಕಾರಿಗಳಿಗೆ

ಶಾಲಾ ಪ್ರವೇಶಕ್ಕಾಗಿ ನಮ್ಮ ವಿಳಾಸಗಳನ್ನು ಪರಿಶೀಲಿಸುವ ಮಾನ್ಯರೇ,

ನನ್ನ ಹೆಂಡತಿಯನ್ನು ನಿಮ್ಮ ಕಚೇರಿಗೆ ಖುದ್ದಾಗಿ ಹಾಜರುಪಡಿಸಬೇಕೆಂದು ನೀವು ಕಳಿಸಿದ ನೋಟಿಸು ತಲುಪಿತು. ಬಹಳ ಸಂತೋಷ. ರೋಜಾ ತೀರಿಕೊಂಡು ವರ್ಷವಾಯಿತು. ನೆಂಟರೆಲ್ಲ 'ಮರೆತುಬಿಡಪ್ಪ' ಎಂದರು. ಅವಳನ್ನು ಕರೆದುಕೊಂಡು ಬಾ ಎಂದು ಧೈರ್ಯವಾಗಿ ಹೇಳಿದವರು ನೀವೊಬ್ಬರೇ. ಆದರೆ ಅವಳು ಬಾರದಿದ್ದರೆ ನನ್ನ ಮಗಳು ಕವನಳ ಒಂದನೇ ತರಗತಿಯ ಅರ್ಜಿಯನ್ನು ತಿರಸ್ಕರಿಸುವುದಾಗಿಯೂ ಬರೆದಿದ್ದೀರಿ. ಹಾಗಾಗಿ ಇದು ನಗುವ ವಿಷಯವಲ್ಲ. ಆದರೂ ಬರೆಯಲು ಕೂತರೆ ನಗು ಬರುತ್ತದೆ, ಮನ್ನಿಸಬೇಕು.

ನಾನು ಹತ್ತನೇ ತರಗತಿಯವರೆಗೆ ಓದಿದವನು. ಊರು ಕವಲಂದೆ. ತಾಂಡವಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಮಾತು ಕಡಿಮೆ, ಹೇಳಬೇಕಾದ್ದನ್ನು ಡೈರಿಯಲ್ಲಿ ಬರೆದುಕೊಂಡು ಸುಮ್ಮನಾಗುವವನು. ಈ ಸಲ ಡೈರಿ ಸಾಲಲಿಲ್ಲ. ನಂಜನಗೂಡಿಗೆ ಬರುವಾಗಲೆಲ್ಲ ನಮ್ಮ ಬಸ್ಸು ಒಂದು ಶಾಲೆಯ ಮುಂದಿನ ರಸ್ತೆ ಹಂಪಿನಲ್ಲಿ ನಿಧಾನವಾಗುತ್ತದೆ. ರೋಜಾ ಪ್ರತಿ ಸಲವೂ ಕಿಟಕಿಯಿಂದ ಬಗ್ಗಿ ನೋಡಿ, "ನಮ್ಮ ಕವನನ ಇಲ್ಲಿಗೇ ಸೇರಿಸ್ಬೇಕು ಕಣ್ರೀ" ಎನ್ನುತ್ತಿದ್ದಳು. ಒಳ್ಳೆಯ ಶಾಲೆ. ಆದರೆ ಅದೇ ವಾರ್ಡಿನಲ್ಲಿ ವಾಸವಿರುವ ಮಕ್ಕಳಿಗೆ ಮೊದಲ ಆದ್ಯತೆ. ಸರಿ, ವಾಸ ಇರೋಣ ಎಂದು ಮನೆ ಹುಡುಕಲು ಹೊರಟೆ.

ಸ್ವಾಮಿ, ಆ ವಾರ್ಡಿನಲ್ಲಿ ನೀವು ಎಂದಾದರೂ ಬಾಡಿಗೆ ಮನೆ ಹುಡುಕಿದ್ದೀರಾ? ಗೇಟಿಗೊಂದು ಬೋರ್ಡು: 'ಮನೆ ಬಾಡಿಗೆಗೆ ಇದೆ, ಫ್ಯಾಮಿಲಿಗೆ ಮಾತ್ರ'. ನಾನೂ ಮಗಳೂ ಫ್ಯಾಮಿಲಿ ಅಲ್ಲವಂತೆ. ಹೆಂಡತಿ ಹೋದ ದಿನವೇ ನಾನು ಮತ್ತೆ ಬ್ಯಾಚುಲರ್ ಆಗಿಬಿಟ್ಟಿದ್ದೆ ಎಂಬ ಸಂಗತಿ ಮನೆ ಮಾಲೀಕರು ಹೇಳುವವರೆಗೆ ನನಗೆ ತಿಳಿದಿರಲಿಲ್ಲ. "ಬ್ಯಾಚುಲರ್‌ಗಳಿಗೆ ಕೊಡಲ್ಲ ಕಣ್ರೀ, ಸೇರ್ಕೊಂಡು ಗಲಾಟೆ ಮಾಡ್ತಾರೆ" ಎಂದರು ಒಬ್ಬರು. ನನ್ನೊಡನೆ ಸೇರಿಕೊಂಡು ಗಲಾಟೆ ಮಾಡಬೇಕಾಗಿದ್ದವಳು ಆಗ ನನ್ನ ಅಂಗಿ ಹಿಡಿದುಕೊಂಡು ಹೆಬ್ಬೆರಳು ಚೀಪುತ್ತ ನಿಂತಿದ್ದಳು.

ಇನ್ನೊಬ್ಬರು "ಯಾವ ಕಡೆಯವರು?" ಎಂದರು.

"ಕವಲಂದೆ ಕಡೆ ಸಾ."

"ಊರಲ್ಲ ಕಣ್ರೀ. ಯಾವ ಜನ ಅಂತ."

ಹೇಳಿದೆ. ಕೂಡಲೇ ಅವರ ತಮ್ಮನ ಮಗನಿಗೆ ನಂಜನಗೂಡಿಗೆ ವರ್ಗವಾಗಿ, ಆ ಮನೆ ಅವನಿಗೇ ಬೇಕಾಯಿತು. ತಮ್ಮನ ಮಗ ಇನ್ನೂ ಬಂದಿಲ್ಲ. ಬೋರ್ಡು ಅಲ್ಲೇ ಇದೆ. ಏನನ್ನೂ ಕೇಳದೆ ಮನೆ ತೋರಿಸಿದ ಮೂರನೆಯವರೂ ಸಿಕ್ಕಿದರು. ಕೆಳಗೆ ಬಾರು, ಮೇಲೆ ಮನೆ. "ಹೆಣ್ಣುಮಗು ಅಂತ ಭಯ ಬೇಡಿ, ರಾತ್ರಿ ಹನ್ನೊಂದರ ತನಕ ಕೆಳಗಡೆ ಜನ ಇದ್ದೇ ಇರ್ತಾರೆ" ಎಂದು ಧೈರ್ಯ ಹೇಳಿದರು. ನನಗೆ ಭಯವಿದ್ದದ್ದೇ ಆ ಜನದ್ದು. ಸೆಕೆಂಡ್ ಶಿಫ್ಟ್ ಇದ್ದಾಗ ನಾನು ಬರುವುದು ತಡವಾಗುತ್ತದೆ. ಶಾಲೆಯಿಂದ ಬಂದ ಮಗು ಯಾರ ಕಣ್ಣಳತೆಯಲ್ಲಿ ಇರಬೇಕು? ನನಗೆ ಬೇಕಿದ್ದದ್ದು ನಾಲ್ಕು ಗೋಡೆ ಮಾತ್ರವಲ್ಲ, ಕೆಳಗಿನಿಂದ ಒಂದು ಸಲ 'ಏನೇ ಕವನ, ತಿಂಡಿ ತಿಂದ್ಯಾ?' ಎಂದು ಕೇಳುವ ದನಿ.

ಕೊನೆಗೆ ಶಾಲೆಯ ಹಿಂದಿನ ಬೀದಿಯಲ್ಲಿ ಚಂಪಕಮ್ಮನವರ ಮಹಡಿ ಮನೆ ಸಿಕ್ಕಿತು. ಅವರು ನಿವೃತ್ತ ಮೇಡಂ, ಒಬ್ಬರೇ ಕೆಳಗಿರುತ್ತಾರೆ. ಜನ ಯಾವುದೆಂದು ಕೇಳಲಿಲ್ಲ. "ಫ್ಯಾಮಿಲಿ ತಾನೇ? ಮನೆಯವರು ಎಲ್ಲಿ?" ಎಂದಷ್ಟೇ ಕೇಳಿದರು.

"ಟಿ. ನರಸೀಪುರದಲ್ಲಿ" ಎಂದೆ.

"ತವರಿಗೆ ಹೋಗಿದಾರಾ? ಬಾಣಂತನವಾ?"

ನಾನು ತಲೆ ತಗ್ಗಿಸಿದೆ. ಅದು ನಾಚಿಕೆಯೆಂದು ಅವರು ತಿಳಿದರು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ, ನೋಡಿ. ರೋಜಾಳನ್ನು ಮಣ್ಣು ಮಾಡಿದ್ದು ಅಲ್ಲೇ, ಅವಳ ಅಪ್ಪನ ಹೊಲದ ಬದುವಿನಲ್ಲಿ.

ಇನ್ನು ಸೀರೆಯ ವಿಷಯ. ರೋಜಾಳ ಒಂದು ಗಿಳಿಹಸಿರು ಸೀರೆಯನ್ನು ಹೊದ್ದುಕೊಳ್ಳದಿದ್ದರೆ ಕವನಳಿಗೆ ನಿದ್ದೆ ಬರುವುದಿಲ್ಲ. ಮೊದಮೊದಲು ನಾನು ಅದನ್ನು ಒಗೆಯಲೇ ಇಲ್ಲ. ಒಗೆದರೆ ಏನು ಹೋಗಿಬಿಡುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಮಗು ಅದರ ಮೇಲೆ ಹಾಲು ಚೆಲ್ಲಿತು, ಸಾರು ಚೆಲ್ಲಿತು. ಈಗ ವಾರಕ್ಕೊಮ್ಮೆ ಒಗೆದು ಟೆರೇಸಿನ ತಂತಿಗೆ ಹಾಕುತ್ತೇನೆ. ನಂಜನಗೂಡಿನಲ್ಲಿ ಫ್ಯಾಮಿಲಿಗೆ ಪುರಾವೆ ಅದೇ ಎಂದು ನನಗೆ ಹೊಳೆದದ್ದು ತಡವಾಗಿ. ಸೀರೆ ಹಾರಾಡತೊಡಗಿದ ಮೇಲೆ ಎದುರುಮನೆಯವರು ನನ್ನನ್ನು ನೋಡಿ ಮುಗುಳ್ನಗಲು ಶುರುಮಾಡಿದರು. ನಿತ್ಯವೂ ಮೊದಲು ಚಿಲ್ಲರೆ ಎಣಿಸಿಕೊಂಡು ಆಮೇಲೆ ಪ್ಯಾಕೆಟ್ ಕೊಡುತ್ತಿದ್ದ ಹಾಲಿನಂಗಡಿಯವನು "ಅಣ್ಣಾ" ಎಂದ. ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಳಿದ್ದೆಲ್ಲ ಸೀರೆ.

ಇಂಥ ಒಂದು ದಿನ, ನಾನು ಕಾರ್ಖಾನೆಗೆ ಹೋಗಿದ್ದಾಗ, ನಿಮ್ಮ ಸಿಬ್ಬಂದಿ ಸ್ಕೂಟರಿನಲ್ಲಿ ಸ್ಥಳ ತನಿಖೆಗೆ ಬಂದರು. ಮಹಡಿ ಹತ್ತಲಿಲ್ಲ, ಮೊಣಕಾಲು ನೋವಿತ್ತಂತೆ. ಗೇಟಿನಲ್ಲೇ ಚಂಪಕಮ್ಮನವರನ್ನು ವಿಚಾರಿಸಿದರು. "ಗಂಡ, ಹೆಂಡ್ತಿ, ಮಗು. ಮೂವರೂ ಇಲ್ಲೇ ಇದಾರೆ. ಬೇಕಾದ್ರೆ ನೋಡಿ, ಆಯಮ್ಮನ ಸೀರೆ ಒಣಗ್ತಿದೆ" ಎಂದು ಅವರು ಮೇಲೆ ಕೈ ತೋರಿಸಿದರು. ನಿಮ್ಮವರು ತಲೆಯೆತ್ತಿ ನೋಡಿ, 'ತಾಯಿ ಸದರಿ ವಿಳಾಸದಲ್ಲಿ ವಾಸವಿರುವುದು ಕಂಡುಬಂದಿದೆ' ಎಂದು ಬರೆದುಕೊಂಡು ಹೋದರು.

ಅರ್ಜಿಯ ಜೊತೆ ನಾನು ರೋಜಾಳ ಮರಣ ಪ್ರಮಾಣಪತ್ರ ಕೊಟ್ಟಿದ್ದೆ. ನೋಟಿಸು ಹಿಡಿದು ನಿಮ್ಮ ಕಚೇರಿಗೆ ಓಡಿಬಂದಾಗ ಗುಮಾಸ್ತರು ಎರಡನ್ನೂ ಅಕ್ಕಪಕ್ಕ ಇಟ್ಟು ತಲೆ ಕೆರೆದುಕೊಂಡರು.

"ಸರ್ಟಿಫಿಕೇಟಲ್ಲಿ ಸತ್ತವ್ರೆ ಅಂತ ಐತೆ, ತನಿಖೇಲಿ ಅವ್ರೆ ಅಂತ ಐತೆ. ಯಾವ್ದನ್ನ ನಂಬಾನ ಹೇಳಿ?"

"ಸತ್ತವ್ರೆ ಅನ್ನೋದನ್ನೇ ನಂಬಿ ಸಾ. ಅದೂ ಸರ್ಕಾರವೇ ಕೊಟ್ಟಿರೋದು."

"ಈಗಿನ ಕಾಲದಲ್ಲಿ ಸರ್ಟಿಫಿಕೇಟ್ ಯಾರು ಬೇಕಾದ್ರೂ ಮಾಡಿಸ್ತಾರೆ ಕಣ್ರೀ. ಸೀರೆ ಸುಳ್ಳು ಹೇಳ್ತದಾ?"

ಸೀರೆ ಸುಳ್ಳು ಹೇಳುವುದಿಲ್ಲ ಎಂದು ರಾತ್ರಿ ಹೊತ್ತು ನಾನೂ ನಂಬಿದವನೇ.

ಮನೆಗೆ ಬಂದು ಚಂಪಕಮ್ಮನವರ ಮುಂದೆ ನಿಂತು ಎಲ್ಲ ಹೇಳಿದೆ. ಗಂಟು ಮೂಟೆ ಕಟ್ಟಲು ಮನಸ್ಸು ಗಟ್ಟಿ ಮಾಡಿಕೊಂಡೇ ಹೇಳಿದೆ. ಅವರು ಬಿಡಿಸುತ್ತಿದ್ದ ಅವರೆಕಾಯಿ ಕೆಳಗಿಡಲಿಲ್ಲ.

"ನಂಗೆ ಎರಡನೇ ವಾರವೇ ಗೊತ್ತಾಯ್ತು ನಾಗೇಂದ್ರ. ವಾರವಾರ ಅದೇ ಸೀರೆ. ಜೊತೇಲಿ ಒಂದು ಲಂಗ ಇಲ್ಲ, ಒಂದು ರವಿಕೆ ಇಲ್ಲ. ಯಾವ ಹೆಂಗಸಪ್ಪಾ ಹಾಗೆ ಬಟ್ಟೆ ಒಣಗ್ಹಾಕ್ತಾಳೆ?"

"ಮತ್ತೆ ಅವ್ರಿಗೆ ಇದಾಳೆ ಅಂತ ಯಾಕಮ್ಮಾ ಹೇಳಿದ್ರಿ?"

"ಹೆಂಡ್ತಿ ಇಲ್ಲ ಅಂದ್ರೆ ಮನೇನೇ ಕೊಡಲ್ಲ, ಇನ್ನು ಸೀಟು ಕೊಡ್ತಾರಾ ಅಂದ್ಕೊಂಡೆ. ನಿಮಗೆ ಒಳ್ಳೇದಾಗ್ಲಿ ಅಂತ ಹೇಳ್ದೆ ಕಣಪ್ಪ." ಕೈಯಲ್ಲಿದ್ದ ಅವರೆಕಾಯಿ ಈಗ ಕೆಳಗಿಟ್ಟು, "ಒಳ್ಳೇದು ಮಾಡೋಕ್ಹೋಗಿ ನಿನ್ನ ಮನೇಲಿ ಸತ್ತೋಳನ್ನ ಬದುಕಿಸಿಬಿಟ್ನಲ್ಲೋ" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಇಬ್ಬರೂ ನಕ್ಕೆವು. ಕವನಳೂ ಏನೂ ತಿಳಿಯದೆ ನಕ್ಕಳು.

ಮಾನ್ಯರೇ, ನನ್ನ ಬೇಡಿಕೆ ದೊಡ್ಡದೇನಲ್ಲ. ನಾವು ಆ ವಾರ್ಡಿನಲ್ಲಿ ವಾಸವಿರುವುದು ನಿಜ. ಅದನ್ನು ಬರೆದುಕೊಡಲು ಚಂಪಕಮ್ಮನವರು ನಿಮ್ಮ ಕಚೇರಿಗೆ ತಾವೇ ಬರುತ್ತಾರೆ. ನೀವು ಅವರಿಗೆ ಒಂದು ಕುರ್ಚಿ ಕೊಟ್ಟರೆ ಸಾಕು. ಅನುಮಾನವಿದ್ದರೆ ಮತ್ತೊಮ್ಮೆ ಮನೆಗೆ ಬನ್ನಿ. ಈ ಸಲ ಮೊಣಕಾಲು ನೋವಿಲ್ಲದವರನ್ನು ಕಳಿಸಿ. ಮೆಟ್ಟಿಲು ಹತ್ತಿದರೆ ಎರಡೇ ತಟ್ಟೆ, ಎರಡೇ ಹಾಸಿಗೆ ಕಾಣುತ್ತವೆ. ನಾವಿಬ್ಬರೂ ಸೇರಿದರೆ ಒಂದು ಫ್ಯಾಮಿಲಿ ಎಂದು ಬರೆದುಕೊಂಡು, ಮಗುವಿಗೆ ಸೀಟು ಕೊಡಿ.

ಹಾಗಲ್ಲದೆ, ನಿಮ್ಮ ನೋಟಿಸಿಗೆ ಹೆದರಿ ರೋಜಾ ಎದ್ದು ಬಂದೇಬಿಟ್ಟರೆ, ಕ್ಷಮಿಸಿ, ಅವಳನ್ನು ಮೊದಲು ನಿಮ್ಮ ಕಚೇರಿಗೆ ಕರೆತರಲಾರೆ. ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದ ಆ ಶಾಲೆಯ ಗೇಟಿನಲ್ಲಿ ನಿಲ್ಲಿಸಿ, ಯೂನಿಫಾರಂ ಹಾಕಿಕೊಂಡು ಒಳಗೆ ಕೂತಿರುವ ಮಗಳನ್ನು ತೋರಿಸಬೇಕು. ಅಷ್ಟರೊಳಗೆ ಮಗಳು ಒಳಗಿರುವಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಇಂತಿ,
ನಿಮ್ಮ ಕಡತದಲ್ಲಿ ಮಾತ್ರ ಹೆಂಡತಿಯನ್ನು ಉಳಿಸಿಕೊಂಡಿರುವ
ನಾಗೇಂದ್ರ
(ಕವನಳ ಅಪ್ಪ, ಮಹಡಿ ಮನೆ, ಶಾಲೆಯ ಹಿಂದಿನ ಬೀದಿ)