ಸಕ್ಕರೆ ಮುಟ್ಟಿದರೆ ಔಟ್

ಮಾರ್ಚ್ 3, ಸೋಮವಾರ. ಸಂಜೆ 5:40

ಎರಡು ಚೆಂಡಿಗೆ ಗಾಳಿ ನಿಲ್ಲುತ್ತಿಲ್ಲ. ಪಂಪಿನ ಸೂಜಿ ಮತ್ತೆ ಮುರಿಯಿತು. ಕೋನ್ ಹನ್ನೆರಡಿದ್ದವು, ಈಗ ಹನ್ನೊಂದು. ಒಂದನೇ ಕ್ಲಾಸಿನ ಯಾರೋ ಟೋಪಿ ಮಾಡಿಕೊಂಡು ಮನೆಗೆ ಹೋದರಂತೆ.

ಹೆಡ್‌ಮಿಸ್ ಹೊಸ ಆರ್ಡರ್: ಇನ್ನು ಮೇಲೆ ಪಿ.ಟಿ. ಪಿರಿಯಡ್‌ನಲ್ಲೇ ಒಳ್ಳೆಯ ಊಟದ ಪಾಠವೂ ಆಗಬೇಕು. ಕೂರಿಸಿ ಹೇಳುವುದಲ್ಲ, ಆಡಿಸುತ್ತಲೇ ಕಲಿಸಬೇಕು. ಇಪ್ಪತ್ತೆರಡು ವರ್ಷ ವಿಷಲ್ ಊದಿದವಳಿಗೆ ಇದೇನು ದೊಡ್ಡದು. ಹತ್ತೇ ನಿಮಿಷದಲ್ಲಿ ಒಂದು ಆಟ ಕಟ್ಟಿದೆ. ಹೆಸರು ಸಕ್ಕರೆ ಕಳ್ಳ. ನಾಲ್ವರಿಗೆ ಕೆಂಪು ರಿಬ್ಬನ್ — ಅವರು ಸಕ್ಕರೆ. ಉಳಿದವರು ಎರಡು ತಂಡ, ಕೋನ್ ದಾಟಿ ಓಡಿ ಕ್ಯಾರೆಟ್, ಬೀನ್ಸ್, ಬಾಳೆಹಣ್ಣಿನ ಕಾರ್ಡು ತರಬೇಕು. ಸಕ್ಕರೆ ಮುಟ್ಟಿದರೆ ಔಟ್. ಔಟ್ ಆದವರು ಗೋಡೆ ಪಕ್ಕ.

ಕಾರ್ಡುಗಳನ್ನು ನಾನೇ ಬರೆದೆ. ಅಮ್ಮ ನೋಡಿ, "ಕ್ಯಾರೆಟ್ಟಿಗೆ ಯಾಕೆ ಮೀಸೆ?" ಅಂದಳು. ಅದು ಬೇರು. ಇರಲಿ.

ಅಮ್ಮನ ಸಕ್ಕರೆ ಕಾಯಿಲೆಗೆ ಹದಿನೆಂಟು ವರ್ಷ. ಸಕ್ಕರೆ ಡಬ್ಬಿಯನ್ನು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ಕೈಗೆ ಸಿಗದ ಹಾಗೆ ಇಟ್ಟಿದ್ದೇನೆ. ಆದರೂ ಆಗಾಗ ಸ್ಟೂಲು ಜಾಗ ಬದಲಿಸಿರುತ್ತದೆ. ನಾನು ಬೈಯುತ್ತೇನೆ, ಅವಳು ಬೆಕ್ಕಿನ ಮೇಲೆ ಹಾಕುತ್ತಾಳೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಮಾರ್ಚ್ 4, ಮಂಗಳವಾರ

ಆಟ ಹಿಟ್. ಮೂರನೇ ಕ್ಲಾಸು ಬೆಲ್ ಆದರೂ ಮೈದಾನ ಬಿಡಲಿಲ್ಲ. ಬುಗುರಿಯನ್ನು ಯಾವ ಸಕ್ಕರೆಗೂ ಮುಟ್ಟಲಾಗಲಿಲ್ಲ. ಬುಗುರಿ ಅಂದರೆ ಬಸ್ ಕಂಡಕ್ಟರಮ್ಮನ ಮಗಳು, ಎಂಟು ವರ್ಷ. ಹಿಡಿಯಲು ಹೋದರೆ ನಿಂತಲ್ಲೇ ಗಿರ್ರನೆ ತಿರುಗಿ ತಪ್ಪಿಸಿಕೊಳ್ಳುತ್ತಾಳೆ.

ಅವಳಿಗೂ ಸಕ್ಕರೆ ಕಾಯಿಲೆ — ಮಕ್ಕಳಿಗೆ ಬರುವ ಬಗೆಯದು, ದಿನಾ ಇನ್ಸುಲಿನ್. ಸೊಂಟಕ್ಕೊಂದು ಪುಟ್ಟ ಚೀಲ. ಅದರಲ್ಲಿ ಗ್ಲೂಕೋಸ್ ಮಾತ್ರೆ, ಬೆರಳು ಚುಚ್ಚಿ ನೋಡುವ ಮೀಟರ್. ಓಡಿದಾಗ ರಕ್ತದಲ್ಲಿ ಸಕ್ಕರೆ ಇಳಿಯಬಹುದು, ಇಳಿದರೆ ತಕ್ಷಣ ಮಾತ್ರೆ ತಿನ್ನಬೇಕು ಅಂತ ಅವಳ ಅಮ್ಮ ಬರೆದುಕೊಟ್ಟ ಚೀಟಿ ನನ್ನ ಟೇಬಲ್ಲಿನ ಗಾಜಿನಡಿ ಇದೆ. ದಿನಾ ಓದುತ್ತೇನೆ.

ಹೆಡ್‌ಮಿಸ್ ಬೆನ್ನು ತಟ್ಟಿದರು. ನಾನೂ ತಟ್ಟಿಕೊಂಡೆ, ಕೈ ಎಟುಕಿದಷ್ಟು.

ಮಾರ್ಚ್ 6, ಗುರುವಾರ. ಮಧ್ಯಾಹ್ನ 1:15

ಹುಡುಗಿ ಚೆನ್ನಾಗಿದ್ದಾಳೆ. ಮೊದಲು ಇದನ್ನು ಬರೆದಿಡಬೇಕು. ಚೆನ್ನಾಗಿದ್ದಾಳೆ, ಊಟ ಮಾಡಿದಳು, ಕ್ಲಾಸಿನಲ್ಲಿ ಕೂತಿದ್ದಾಳೆ.

ಮೂರನೇ ಪಿರಿಯಡ್. ತಂಡದವರೆಲ್ಲ ಔಟ್, ಬುಗುರಿ ಒಬ್ಬಳೇ ಉಳಿದಿದ್ದಳು. ಗೋಡೆ ಪಕ್ಕದಿಂದ ಒಂದೇ ಕಿರುಚಾಟ. ತರಬೇಕಾದ್ದು ಇನ್ನೊಂದೇ ಕಾರ್ಡು. ಹೆಜ್ಜೆ ತಪ್ಪುತ್ತಿತ್ತು... ಎದುರಾಳಿಗೆ ಮೋಸ ಮಾಡಲು ಹಾಗೆ ಆಡುತ್ತಿದ್ದಾಳೆ ಅಂದುಕೊಂಡೆ. ಕೋನ್ ಹತ್ತಿರ ಮಂಡಿಯೂರಿಬಿಟ್ಟಳು. ಓಡಿಹೋಗಿ ಹಿಡಿದರೆ ಅಂಗಿಯೆಲ್ಲ ಒದ್ದೆ, ಕೈ ನಡುಗುತ್ತಿದೆ, ತುಟಿ ಬಿಳಿಚಿಕೊಂಡಿದೆ. ಚೀಲ ಬಿಚ್ಚಿ ಮಾತ್ರೆ ಬಾಯಿಗೆ ಹಿಡಿದೆ. ಹಲ್ಲು ಕಚ್ಚಿಕೊಂಡಳು.

"ತಿನ್ನು ಪುಟ್ಟಿ."

"ಬೇಡ ಮಿಸ್."

"ಯಾಕಮ್ಮ?"

"ಸಕ್ಕರೆ ಅಲ್ವಾ. ಔಟ್ ಆಗ್ತೀನಿ."

"ಆಟ ಮುಗೀತು, ನೀನೇ ಗೆದ್ದೆ, ತಿನ್ನು" ಅಂತ ಸುಳ್ಳು ಹೇಳಿದೆ. ಆಗ ಬಾಯಿ ತೆರೆದಳು. ಮೀಟರ್ 52, ಎಪ್ಪತ್ತಕ್ಕಿಂತ ಕೆಳಗಿಳಿಯಬಾರದು. ಎದೆಗೆ ಒರಗಿಸಿಕೊಂಡು ಹದಿನೈದು ನಿಮಿಷ ನೆಲದ ಮೇಲೆ ಕೂತೆ. ಮತ್ತೆ ಚುಚ್ಚಿದಾಗ 97. ಹೋದ ಜೀವ ಬಂದ ಹಾಗಾಯಿತು. ಅವಳು ನೆಟ್ಟಗೆ ಕೂತವಳೇ, "ಕಪ್ ಕೊಡ್ತೀರಾ ಮಿಸ್?" ಅಂತ ಕೇಳಿದಳು.

ಸ್ಟೋರ್ ರೂಮಿಗೆ ಹೋಗಿ ಚೆಂಡಿನ ಬಲೆ ಹಿಡಿದುಕೊಂಡು ಅತ್ತೆ. ಏನಾದರೂ ಆಗಿದ್ದರೆ. ಆಗಲಿಲ್ಲ. ಆಗಲಿಲ್ಲ.

ಅದೇ ದಿನ, ಸಂಜೆ 5:00

ಕಂಡಕ್ಟರಮ್ಮ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ, ಅದೇ ಕಷ್ಟವಾಯಿತು. ಆಟ ಹೇಗಿತ್ತು ಅಂತ ಕೇಳಿದರು. ಒಂದೂ ಮುಚ್ಚಿಡದೆ ಹೇಳಿದೆ.

"ಮೂರು ವರ್ಷದಿಂದ ಅವಳಿಗೆ ಒಂದೇ ಮಾತು ಹೇಳ್ಕೊಟ್ಟಿದ್ದೀನಿ ಮಿಸ್. ಕೈ ನಡುಗಿದ್ರೆ ತಿನ್ನು ಅಂತ. ನೀವು ಮೂರು ದಿನದಲ್ಲಿ ಅಳಿಸಿಬಿಟ್ರಿ."

ನಾಳೆಯಿಂದ ಆಟಕ್ಕೆ ಬಿಡಬೇಡಿ ಅಂತ ಹೆಡ್‌ಮಿಸ್‌ಗೆ ಬರೆದುಕೊಟ್ಟರು. ಬುಗುರಿ ಅವರ ಕೈ ಹಿಡಿದು, ಹಿಂದಕ್ಕೆ ನೋಡುತ್ತಲೇ ಗೇಟಿನವರೆಗೂ ಹೋದಳು. ನೋಡಿದ್ದು ನನ್ನನ್ನಲ್ಲ, ಮೈದಾನವನ್ನು.

ಮಾರ್ಚ್ 8, ಶನಿವಾರ

ಅಮ್ಮನಿಗೆ ಎಲ್ಲ ಹೇಳಿದೆ. ಯಾರಾದರೂ ಬೈಯಲಿ ಅನ್ನಿಸಿತ್ತು. ಅವಳು ಬೀನ್ಸ್ ನಾರು ತೆಗೆಯುತ್ತಾ ಕೇಳಿಸಿಕೊಂಡಳು.

"ನಂಗೂ ಹಾಗಾಗಿತ್ತು ಬಿಡು."

"ಏನಾಗಿತ್ತು?"

"ಹೋದ ವರ್ಷ ಡಾಕ್ಟ್ರು ಮಾತ್ರೆ ಜಾಸ್ತಿ ಮಾಡಿದ್ರಲ್ಲ. ಆಮೇಲೆ ಮೂರ್ನಾಲ್ಕು ಸಲ ಕೈ ನಡುಗ್ತು, ಕಣ್ಣು ಕತ್ತಲೆ ಬಂತು. ಒಂದು ಚಮಚ ಸಕ್ಕರೆ ಬಾಯಿಗೆ ಹಾಕ್ಕೊಂಡೆ, ಸರಿಹೋಯ್ತು."

"ಸ್ಟೂಲ್ ಹತ್ತಿ? ಕೈ ನಡುಗ್ತಿರುವಾಗ?"

"ಮತ್ತೆ ಹಾರ್ಕೊಂಡು ಹೋಗ್ಲಾ?"

"ನಂಗ್ಯಾಕೆ ಹೇಳ್ಲಿಲ್ಲಮ್ಮ?"

"ಹೇಳಿದ್ರೆ ಬೈತಿದ್ದೆ ನೀನು."

ಆ ಆಟವನ್ನು ಮಕ್ಕಳಿಗೆ ಕಲಿಸಿ ಒಂದು ವಾರವೂ ಆಗಿಲ್ಲ. ಮನೆಯಲ್ಲಿ ಹದಿನೆಂಟು ವರ್ಷದಿಂದ ಆಡಿಸುತ್ತಿದ್ದೇನೆ. ಎದ್ದು ಡಬ್ಬಿ ಕೆಳಗಿಳಿಸಿದೆ. ಸೋಮವಾರ ಡಾಕ್ಟರ ಹತ್ತಿರ ಹೋಗಬೇಕು. ಹಾಗಂತ ದಿನಾ ತಿನ್ನೋ ಹಾಗಿಲ್ಲ ಅಂದೆ. "ಇಷ್ಟು ಹೊತ್ತು ಚೆನ್ನಾಗಿ ಮಾತಾಡ್ತಿದ್ದೆ" ಅಂದಳು.

ಮಾರ್ಚ್ 17, ಸೋಮವಾರ

ಒಂಬತ್ತು ದಿನ ಬರೆಯಲಿಲ್ಲ.

ಡಾಕ್ಟರು ಅಮ್ಮನ ಮಾತ್ರೆ ಕಡಿಮೆ ಮಾಡಿದರು. "ಮೊದ್ಲೇ ಹೇಳಬಾರದಾಗಿತ್ತಾ?" ಅಂತ ಅವರು ಕೇಳಿದಾಗ ಅಮ್ಮ ನನ್ನ ಕಡೆ ನೋಡಲಿಲ್ಲ. ದೊಡ್ಡ ಮನಸ್ಸು. ಅವತ್ತಿನಿಂದ ಕೈ ನಡುಗಿಲ್ಲ. ಒಂದು ಭಾರ ಇಳಿಯಿತು.

ಬುಗುರಿ ಆಟದ ಪಿರಿಯಡ್‌ನಲ್ಲಿ ಆಫೀಸ್ ರೂಮಿನಲ್ಲಿ ಕೂರುತ್ತಾಳೆ. ಗುಮಾಸ್ತರು ಅವಳಿಗೆ ಸೀಲು ಒತ್ತುವ ಕೆಲಸ ಕೊಟ್ಟಿದ್ದಾರೆ. ಒತ್ತುತ್ತಾಳೆ, ಕಿಟಕಿ ನೋಡುತ್ತಾಳೆ. ಕೇಳಿದಾಗೆಲ್ಲ "ನಂಗೇನೂ ಬೇಜಾರಿಲ್ಲ ಮಿಸ್" ಅನ್ನುತ್ತಾಳೆ.

ಹೊಸ ಆಟ ಕಟ್ಟಿದೆ. ಇದಕ್ಕೆ ಹತ್ತು ನಿಮಿಷ ಸಾಲಲಿಲ್ಲ, ಐದು ದಿನ ಹಿಡಿಯಿತು. ಕಳ್ಳ ಇಲ್ಲ. ಔಟ್ ಇಲ್ಲ. ಗೋಡೆ ಪಕ್ಕ ದಿನಾ ಕೂರುತ್ತಿದ್ದವರು ಯಾರು ಅಂತ ಈಗ ಲೆಕ್ಕ ಹಾಕಿದೆ — ಓಡುವುದು ಯಾರಿಗೆ ಹೆಚ್ಚು ಬೇಕೋ ಅವರೇ. ಇಪ್ಪತ್ತೆರಡು ವರ್ಷ ಇದು ಕಣ್ಣಿಗೇ ಬೀಳಲಿಲ್ಲ, ನಾಚಿಕೆಯಾಯಿತು.

ಈಗ ಒಂದೊಂದು ಕಾರ್ಡಿಗೆ ಒಂದೊಂದು ಓಟ. ಆ ಊಟದ ಬಲ ಎಷ್ಟು ಹೊತ್ತು ನಿಲ್ಲುತ್ತದೋ ಅಷ್ಟೇ ಓಡಬೇಕು, ಹೇಳಿದಷ್ಟು ಸುತ್ತು ಮೊದಲು ಮುಗಿಸಿದ ತಂಡಕ್ಕೆ ಗೆಲುವು. ಸಕ್ಕರೆ ಕಾರ್ಡಿಗೆ ಹತ್ತು ಹೆಜ್ಜೆ, ಜೋರಾಗಿ. ಕಾಳಿನ ಕಾರ್ಡಿಗೆ ಎರಡು ಸುತ್ತು, ನಿಧಾನವಾಗಿ. ಬಾಳೆಹಣ್ಣು ನಡುವೆ. ಯಾರಿಗೆ ಸುಸ್ತಾದರೂ, ಬಾಯಾರಿದರೂ ಕೈ ಎತ್ತಿ ಕೂರಬೇಕು. ಅವರು ಏಳುವ ತನಕ ಎರಡೂ ತಂಡ ಕಾಯಬೇಕು. ಮುಚ್ಚಿಟ್ಟು ಓಡಿದರೆ ಆ ತಂಡಕ್ಕೆ ಸೋಲು.

ಮೊದಲ ದಿನ ನಲವತ್ತು ಜನವೂ ಸಕ್ಕರೆ ಕಾರ್ಡು ಕಿತ್ತುಕೊಂಡು, ಹತ್ತು ಹೆಜ್ಜೆ ಹಾರಿ, ಮೈದಾನದ ನಡುವೆ ಕಂಬಗಳ ಹಾಗೆ ನಿಂತರು. ನಾನೂ ನಕ್ಕೆ. ಎರಡನೇ ದಿನಕ್ಕೆ ಕಾಳಿಗೆ ಜಗಳ ಶುರು.

ಮಾರ್ಚ್ 20, ಗುರುವಾರ. ಸಂಜೆ 6:30

ಶಾಲೆ ಬಿಟ್ಟ ಮೇಲೆ ಕಂಡಕ್ಟರಮ್ಮನ ಬಸ್ಸು ಹತ್ತಿದೆ.

"ಎಲ್ಲಿಗೆ?"

"ಕೊನೇ ಸ್ಟಾಪು."

ಟಿಕೆಟ್ ಕೊಟ್ಟರು, ಮುಖ ನೋಡಲಿಲ್ಲ. ಹೊಸ ಆಟದ ವಿಷಯ ಹೇಳುತ್ತಾ ಅವರ ಹಿಂದೆಯೇ ಸೀಟಿನಿಂದ ಸೀಟಿಗೆ ಹೋದೆ. ಜನ ನನ್ನನ್ನು ಚೆಕಿಂಗ್‌ನವಳು ಅಂದುಕೊಂಡು ಟಿಕೆಟ್ ತೋರಿಸಿದರು.

"ತಪ್ಪು ನಂದೇ," ಅಂದೆ.

"ಅದು ಅವತ್ತೇ ಹೇಳಿದ್ರಿ. ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಹೋಗಿ." ಎರಡನೆಯ ಮಾತು ನನಗಲ್ಲ, ಪಕ್ಕದವನಿಗೆ.

ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾಯಿತು. ಆಗ ಕೂತರು. ನೀರು ಕುಡಿದು ಬಾಟಲಿ ನನ್ನ ಕಡೆ ಚಾಚಿದರು.

"ನೀವು ನೋಡ್ಕೊತೀರಿ, ಗೊತ್ತು. ನೀವಿಲ್ಲದಾಗ? ನಾನಿಲ್ಲದಾಗ? ಅವಳ ಕೈ ಅವಳೇ ಎತ್ಬೇಕು ಮಿಸ್. ಗೆಲ್ತಾ ಇರುವಾಗ್ಲೂ ಎತ್ಬೇಕು. ಅಷ್ಟು ನೋಡಿದ್ರೆ ಸಾಕು ನಂಗೆ."

"ಒಂದು ಸಲ ಬಿಟ್ಟು ನೋಡಿ."

ಟಿಕೆಟ್ ದುಡ್ಡು ಎಣಿಸಿ ಬ್ಯಾಗಿಗೆ ಹಾಕಿದರು. ಆಮೇಲೆ, "ಬುಧವಾರ ನಂಗೆ ರಜೆ. ಬಂದು ಕೂರ್ತೀನಿ. ಒಂದೇ ಸಲ" ಅಂದರು.

ಬಸ್ಸಿನಲ್ಲೇ ಕುಣಿದುಬಿಡುತ್ತಿದ್ದೆ. ವಯಸ್ಸು ನೆನಪಾಗಿ ಸುಮ್ಮನಾದೆ.

ಮಾರ್ಚ್ 26, ಬುಧವಾರ. ಬೆಳಿಗ್ಗೆ 10:54

ಮೈದಾನದಲ್ಲಿ ಕೂತು ಬರೆಯುವುದು ಇದೇ ಮೊದಲು. ಹದಿನೈದು ನಿಮಿಷ ಕಾಯಬೇಕು. ಸುಮ್ಮನೆ ಕೂತರೆ ಮಕ್ಕಳೆದುರೇ ಅತ್ತುಬಿಡುತ್ತೇನೆ.

ಆಟಕ್ಕೆ ಮೊದಲು ಮೀಟರ್ 131. ಕಂಡಕ್ಟರಮ್ಮ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಆ ಕಡೆ ಬೆಂಚಿನಲ್ಲಿ. ಬುಗುರಿಯ ತಂಡ ಒಂದು ಸುತ್ತು ಮುಂದಿತ್ತು. ಅವಳ ಕೈಯಲ್ಲಿ ಕಾಳಿನ ಕಾರ್ಡು, ಒಂದು ಸುತ್ತು ಮುಗಿದಿತ್ತು, ಇನ್ನೊಂದಾದರೆ ಗೆಲುವು. ನಡುವೆ ನಿಂತಳು. ಎಲ್ಲರೂ ಓಡು ಓಡು ಅಂತ ಕೂಗುತ್ತಿದ್ದಾರೆ. ನಾನು ನಾಲಿಗೆ ಕಚ್ಚಿ ಹಿಡಿದುಕೊಂಡೆ. ಅವಳ ಅಮ್ಮ ಅರ್ಧ ಎದ್ದವರು ಹಾಗೇ ನಿಂತರು. ಬುಗುರಿ ತನ್ನ ಬೆರಳುಗಳನ್ನು ಒಂದು ಸಲ ನೋಡಿಕೊಂಡಳು. ಕೈ ಎತ್ತಿದಳು.

"ಮಿಸ್, ನಂಗೆ ಸಕ್ಕರೆ ಬೇಕು."

ಇಡೀ ಮೈದಾನಕ್ಕೆ ಕೇಳಿಸಿತು. ಮೀಟರ್ 66. ಅವಳೇ ಚೀಲ ಬಿಚ್ಚಿದಳು, ಅವಳೇ ತಿಂದಳು. ಎರಡೂ ತಂಡ ಸುತ್ತ ಕೂತಿವೆ. ಎದುರು ತಂಡದವಳು, "ಬೇಗ ತಿನ್ನೇ, ನಿನ್ನನ್ನ ಸೋಲಿಸ್ಬೇಕು" ಅಂದಳು. "ಅವಸರ ಮಾಡಿದ್ರೆ ಆಗಲ್ಲ, ಹದಿನೈದು ನಿಮಿಷ" — ಬುಗುರಿ, ಕೆನ್ನೆಯಲ್ಲಿ ಮಾತ್ರೆ ಇಟ್ಟುಕೊಂಡೇ.

ಕಂಡಕ್ಟರಮ್ಮ ಮಗಳ ಹತ್ತಿರ ಹೋಗಲಿಲ್ಲ. ಬಂದು ನನ್ನ ಪಕ್ಕ ಕೂತರು. ಕಣ್ಣು ಒರೆಸಿಕೊಂಡರು, ಮುಚ್ಚಿಡಲಿಲ್ಲ.

"ಎಷ್ಟಾಯ್ತು?"

"ಹದಿಮೂರು ನಿಮಿಷ."

11:09. ಬೆರಳು ಚುಚ್ಚಿಕೊಂಡಳು. ನನಗೂ ತೋರಿಸಲಿಲ್ಲ, ಅಮ್ಮನಿಗೂ ತೋರಿಸಲಿಲ್ಲ, ತಾನೇ ಗಟ್ಟಿಯಾಗಿ ಓದಿದಳು — ನೂರಾ ನಾಲ್ಕು. ಎದ್ದಳು. ಲಂಗದ ಧೂಳು ಕೊಡವಿಕೊಂಡಳು. ಎಲ್ಲರೂ ನನ್ನ ಕಡೆ ನೋಡುತ್ತಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ ಕಂಡಕ್ಟರಮ್ಮ ಎದ್ದು ನಿಂತು, ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿಗೆ ಕೇಳಿಸುವ ದನಿಯಲ್ಲಿ, "ರೈಟ್, ರೈಟ್" ಅಂದರು. ಬುಗುರಿ ಹೊರಟಳು.